ಮಗ್ಗಕ್ಕೆ ರಜೆಯಿರುವ ದಿನವೇ ನಮ್ಮ ಶುಗರ್ ತಪಾಸಣೆ

ಗದಗ-ಬೆಟಗೇರಿಯ ಕುಣಿಮಗ್ಗದಲ್ಲಿ ಸೀರೆ ನೇಯುವವರಿಗೆ ಕೈಯಷ್ಟೇ ಕಾಲೂ ಮುಖ್ಯ. ನೆಲದಲ್ಲಿ ತೋಡಿದ ಕುಣಿಯ ಅಂಚಿಗೆ ಕುಳಿತು, ಕಾಲುಗಳನ್ನು ಒಳಗೆ ಇಳಿಬಿಟ್ಟು, ತುಳಿಹಲಗೆಗಳನ್ನು ಒಂದಾದ ಮೇಲೊಂದು ಒತ್ತಬೇಕು. ಆಗ ಹಾಸಿನ ಎಳೆಗಳು ಬಾಯಿ ಬಿಡುತ್ತವೆ, ಲಾಳಿ ಓಡುತ್ತದೆ. ಯಾವ ಹಲಗೆಯನ್ನು ತುಳಿಯಬೇಕೆಂದು ಯಾರೂ ಬಗ್ಗಿ ನೋಡುವುದಿಲ್ಲ, ಪಾದಕ್ಕೇ ಗೊತ್ತಿರುತ್ತದೆ. ಮದುವೆಯಾಗಿ ಈ ಓಣಿಗೆ ಬಂದಾಗಿನಿಂದ ನನ್ನದು ಇದೇ ಕೆಲಸ. ಸಂಜೆ ಹೊತ್ತಿಗೆ ಪಾದ ಜುಮ್ಮೆನ್ನುತ್ತಿತ್ತು. ದಿನವಿಡೀ ಕುಣಿಯಲ್ಲಿ ಕಾಲು ಬಿಟ್ಟು ಕುಳಿತವರಿಗೆ ಇದೇನು ಹೊಸದೇ ಎಂದು ಮನೆಯವರೆಲ್ಲ ಅಂದುಕೊಂಡಿದ್ದೆವು. ಅತ್ತೆಗೂ ಹಾಗೆಯೇ ಆಗುತ್ತಿತ್ತಂತೆ.

ಅದು ಮಗ್ಗದ ನೋವಲ್ಲದೆ ಬೇರೆ ಏನಾದರೂ ಇರಬಹುದೆಂದು ಮೊದಲು ಹೇಳಿದವಳು ನಮ್ಮ ಓಣಿಗೆ ಬರುವ ಆಶಾ ಕಾರ್ಯಕರ್ತೆ. ಮೂವತ್ತು ವರ್ಷ ದಾಟಿದವರೆಲ್ಲರ ಹೆಸರು ಬರೆದುಕೊಳ್ಳಲು ಬಂದಿದ್ದಳು. ಅವಳ ಕೈಯಲ್ಲಿ ಒಂದು ನಮೂನೆ ಇತ್ತು. ವಯಸ್ಸು ಎಷ್ಟು, ತಂಬಾಕು ಹಾಕುತ್ತೀರಾ, ಮನೆಯಲ್ಲಿ ಯಾರಿಗಾದರೂ ಶುಗರ್, ಬಿಪಿ ಇತ್ತೇ, ವಾರದಲ್ಲಿ ಎಷ್ಟು ಹೊತ್ತು ಮೈ ದಣಿಯುವಂತೆ ಓಡಾಡುತ್ತೀರಿ ಎಂದೆಲ್ಲ ಕೇಳಿದಳು. ಆಮೇಲೆ ಟೇಪು ತೆಗೆದು ಸೊಂಟದ ಸುತ್ತಳತೆ ನೋಡಿದಳು. ಒಂದೊಂದಕ್ಕೂ ಅಂಕವಿದೆ. ಕೂಡಿಸಿದಾಗ ನಾಲ್ಕಕ್ಕಿಂತ ಹೆಚ್ಚು ಬಂದರೆ ತಡಮಾಡದೆ ರಕ್ತ ಪರೀಕ್ಷೆ ಮಾಡಿಸಬೇಕು. ನನ್ನದು ನಾಲ್ಕನ್ನು ದಾಟಿತ್ತು. ಇಂಥ ಒಂದು ನಮೂನೆ ತುಂಬಿದರೆ ಅವಳಿಗೆ ಸಿಗುವುದು ಹತ್ತು ರೂಪಾಯಿ. ಒಂದೊಂದು ಮನೆಯಲ್ಲಿ ಅರ್ಧ ಗಂಟೆ ಕುಳಿತು, ಮಗ್ಗದ ಸದ್ದಿನ ನಡುವೆ ಕೂಗಿ ಕೂಗಿ ಕೇಳುವ ಕೆಲಸಕ್ಕೆ ಹತ್ತು ರೂಪಾಯಿ! ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕ್ಲಿನಿಕ್‌ನಲ್ಲಿ ಬರಿಹೊಟ್ಟೆಯಲ್ಲಿ ರಕ್ತ ತೆಗೆದರು. ಬರಿಹೊಟ್ಟೆಯ ಸಕ್ಕರೆ ನೂರರ ಒಳಗಿದ್ದರೆ ಸರಿ, ನೂರರಿಂದ ನೂರಾ ಇಪ್ಪತ್ತೈದರವರೆಗೆ ಇದ್ದರೆ ಎಚ್ಚರಿಕೆಯ ಗಂಟೆ, ನೂರಾ ಇಪ್ಪತ್ತಾರು ಮುಟ್ಟಿದರೆ ಮಧುಮೇಹ. ನನ್ನದು ಇನ್ನೂರರ ಹತ್ತಿರ ಇತ್ತು. ಇನ್ನೊಂದು ದಿನ ಮತ್ತೆ ಪರೀಕ್ಷೆ ಮಾಡಿ ಖಚಿತಪಡಿಸಿಕೊಂಡರು. ಮೆಟ್‌ಫಾರ್ಮಿನ್ ಮಾತ್ರೆಯನ್ನು ಊಟದ ಜೊತೆಗೇ ತೆಗೆದುಕೊಳ್ಳಿ, ಮೊದಮೊದಲು ಹೊಟ್ಟೆ ಕೆಡಬಹುದು, ಅದಕ್ಕೆ ಹೆದರಿ ಬಿಡಬೇಡಿ ಎಂದರು. ಅನ್ನ ಕಡಿಮೆ ಮಾಡಿ, ಸಿಹಿ ಬಿಡಿ, ದಿನಾ ಅರ್ಧ ಗಂಟೆ ನಡೆಯಿರಿ, ತಿಂಗಳಿಗೊಮ್ಮೆ ಬನ್ನಿ. ಇಷ್ಟು ಹೇಳುವುದರೊಳಗೆ ನನ್ನ ಹಿಂದೆ ನಿಂತವರು ಚೀಟಿ ಮುಂದೆ ಚಾಚಿದ್ದರು. ವೈದ್ಯರು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಮಾತ್ರೆಗಳೂ ಉಚಿತ. ಆದರೆ ಆ ನಾಲ್ಕು ಮಾತುಗಳನ್ನು ಹೊತ್ತುಕೊಂಡು ನಮ್ಮ ಓಣಿಗೆ ಬಂದರೆ, ಅವುಗಳಿಗೆ ಅಲ್ಲಿ ಕೂರಲು ಜಾಗವೇ ಇರಲಿಲ್ಲ.

ಯಾಕೆಂದು ಹೇಳುತ್ತೇನೆ. ನಮಗೆ ಕೂಲಿ ದಿನದ ಲೆಕ್ಕದ್ದಲ್ಲ, ಸೀರೆಯ ಲೆಕ್ಕದ್ದು. ಸಾಹುಕಾರರು ನೂಲು ಕೊಡುತ್ತಾರೆ, ಸೀರೆ ಮುಗಿಸಿ ಕೊಟ್ಟರೆ ಹಣ. ಬೆಳಿಗ್ಗೆ ಕ್ಲಿನಿಕ್‌ಗೆ ಹೋಗಿ ಸಾಲಿನಲ್ಲಿ ನಿಂತು, ರಕ್ತ ಕೊಟ್ಟು, ತಿಂಡಿ ತಿಂದು, ಎರಡು ಗಂಟೆಯ ನಂತರ ಮತ್ತೆ ರಕ್ತ ಕೊಟ್ಟು ಮನೆಗೆ ಬರುವಷ್ಟರಲ್ಲಿ ಹಗಲು ಹೋಗಿರುತ್ತದೆ. ಒಂದು ದಿನ ತಪ್ಪಿದರೆ ಸೀರೆ ತಡ, ಸೀರೆ ತಡವಾದರೆ ವಾರದ ಸಂತೆಯೂ ತಡ. ಮೂವತ್ತು ದಿನಕ್ಕೆಂದು ಕೊಟ್ಟ ಮಾತ್ರೆ ಮುಗಿದಾಗ, ‘ಈ ಸೀರೆ ಮುಗಿಯಲಿ’ ಎಂದುಕೊಂಡರೆ ಹತ್ತು ದಿನ ಜಾರುತ್ತದೆ. ಮೈಯಲ್ಲಿ ನೋವಿಲ್ಲ, ಜ್ವರವಿಲ್ಲ. ನೋವು ಕೊಡದ ಕಾಯಿಲೆಗಾಗಿ ಕೂಲಿ ಬಿಡಲು ಯಾರ ಮನಸ್ಸೂ ಒಪ್ಪುವುದಿಲ್ಲ. ಆಶಾ ಕಾರ್ಯಕರ್ತೆಯ ದಿನಚರಿ ಪುಸ್ತಕದಲ್ಲಿ ನಮ್ಮ ಓಣಿಯ ಹೆಸರುಗಳ ಸಾಲೇ ಇತ್ತು. ಮಾತ್ರೆ ಶುರು ಮಾಡಿದವರು, ಎರಡನೆಯ ತಿಂಗಳು ಬಂದವರು, ಮೂರನೆಯ ತಿಂಗಳು ಕಾಣದವರು. ಅವರನ್ನು ಅಲಕ್ಷ್ಯ ಮಾಡಿದವರು ಎಂದು ಯಾರಾದರೂ ಕರೆದರೆ ನಾನು ಒಪ್ಪುವುದಿಲ್ಲ. ಅವರು ಹೊಟ್ಟೆಯ ಲೆಕ್ಕ ಹಾಕಿದವರು.

ಈ ಗಂಟನ್ನು ಬಿಡಿಸಿದ್ದು ನಮ್ಮ ಓಣಿಯ ಹಿರಿಯ ಅಮ್ಮ. ಅವರಿಗೂ ಬಹಳ ವರ್ಷಗಳಿಂದ ಶುಗರ್. ‘ಅಮಾವಾಸ್ಯೆ ದಿನ ನಾವು ಮಗ್ಗ ಮುಟ್ಟುವುದಿಲ್ಲವಲ್ಲ, ಅವತ್ತೇ ಎಲ್ಲರೂ ಕೂಡಿ ತೋರಿಸಿಕೊಂಡರೆ ಕೂಲಿಯೂ ಹೋಗುವುದಿಲ್ಲ’ ಎಂದರು. ಅಷ್ಟು ದಿನ ನಮಗಾರಿಗೂ ಹೊಳೆಯದ ಮಾತು ಅದು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಇಪ್ಪತ್ತೊಂಬತ್ತು ಅಥವಾ ಮೂವತ್ತು ದಿನ. ಕ್ಲಿನಿಕ್‌ನಲ್ಲಿ ಮಾತ್ರೆ ಕೊಡುವುದೂ ಮೂವತ್ತು ದಿನಕ್ಕೆ. ಕ್ಯಾಲೆಂಡರ್ ನೋಡಿ ತಾರೀಖು ನೆನಪಿಡುವ ಕೆಲಸವೂ ತಪ್ಪಿತು, ಅಮಾವಾಸ್ಯೆಯನ್ನು ಮರೆಯುವ ಮನೆ ನಮ್ಮಲ್ಲಿ ಇಲ್ಲ. ಆಶಾ ಕಾರ್ಯಕರ್ತೆ ಹೋಗಿ ವೈದ್ಯರ ಹತ್ತಿರ ಮಾತನಾಡಿದಳು. ಒಂದೇ ಬೆಳಿಗ್ಗೆ ಇಡೀ ಓಣಿ ಬಂದರೆ ಹೇಗೆ ಎಂದು ಅವರು ಮೊದಲು ಹಿಂದೆಮುಂದೆ ನೋಡಿದರು. ರಕ್ತ ಪರೀಕ್ಷೆ, ಬಿಪಿ, ಪುಸ್ತಕ ತುಂಬುವ ಕೆಲಸವನ್ನು ಓಣಿಯಲ್ಲೇ ಮುಗಿಸಿದರೆ ಕ್ಲಿನಿಕ್‌ನಲ್ಲಿ ನೂಕುನುಗ್ಗಲು ಇರುವುದಿಲ್ಲ ಎಂದು ನರ್ಸ್ ಹೇಳಿದ ಮೇಲೆ ಒಪ್ಪಿದರು. ಅಮಾವಾಸ್ಯೆ ಭಾನುವಾರ ಬಿದ್ದರೆ ಮಾತ್ರ ಮರುದಿನ.

ಗುಡಿಯ ಮುಂದಿನ ಪಡಸಾಲೆಯಲ್ಲಿ ಚಾಪೆ ಹಾಸಿ ಕೂರುತ್ತೇವೆ. ಬರಿಹೊಟ್ಟೆಯಲ್ಲಿ ಬರಬೇಕಾದ್ದರಿಂದ ನಸುಕಿನಲ್ಲೇ ಸೇರುತ್ತೇವೆ. ಎಲ್ಲರ ಹತ್ತಿರವೂ ಒಂದೊಂದು ಪುಸ್ತಕ, ಅದರಲ್ಲಿ ದಿನಾಂಕ, ಸಕ್ಕರೆ, ಬಿಪಿ, ತೂಕ, ಮಾತ್ರೆ ತಪ್ಪಿದ ದಿನಗಳು. ಓದು ಬರಹ ಇಲ್ಲದವರಿಗೆ ನಾವೇ ಬರೆದುಕೊಡುತ್ತೇವೆ. ಸ್ತ್ರೀಶಕ್ತಿ ಸಂಘದ ಉಳಿತಾಯದಿಂದ ಒಂದು ಗ್ಲುಕೋಮೀಟರ್ ಕೊಂಡೆವು. ಯಂತ್ರ ದುಬಾರಿಯಲ್ಲ, ಅದಕ್ಕೆ ಹಾಕುವ ಪಟ್ಟಿಯೇ ದುಬಾರಿ. ಹಾಗಾಗಿ ದಿನಾ ಯಾರೂ ನೋಡಿಕೊಳ್ಳುವುದಿಲ್ಲ. ವೈದ್ಯರು ಮಾತ್ರೆ ಬದಲಿಸಿದಾಗ, ಮೈಯಲ್ಲಿ ಹುಷಾರಿಲ್ಲದಾಗ, ಹೊಸ ಊಟ ಪರೀಕ್ಷಿಸಬೇಕೆನಿಸಿದಾಗ ನೋಡಿಕೊಳ್ಳುತ್ತೇವೆ. ಯಂತ್ರ ಒಂದೇ ಇದ್ದರೂ ಚುಚ್ಚುವ ಸೂಜಿ ಪ್ರತಿಯೊಬ್ಬರಿಗೂ ಬೇರೆ. ಇದರಲ್ಲಿ ನಾವು ಯಾವ ರಿಯಾಯಿತಿಯನ್ನೂ ಇಟ್ಟುಕೊಂಡಿಲ್ಲ. ಒಬ್ಬರಿಗೆ ಚುಚ್ಚಿದ್ದನ್ನು ಇನ್ನೊಬ್ಬರಿಗೆ ಚುಚ್ಚಿದರೆ ಹೆಪಟೈಟಿಸ್ ಬಿಯಂಥ ರೋಗ ಹರಡುತ್ತದೆ.

ಬೆರಳು ಚುಚ್ಚುವುದರಲ್ಲೂ ನೇಕಾರರಿಗೆ ಒಂದು ಚಿಂತೆ ಇದೆ. ಬೆರಳ ತುದಿಯಿಂದಲೇ ನಾವು ಎಳೆ ಹಿಡಿದು ಗಂಟು ಹಾಕುವುದು. ಅಲ್ಲೇ ಚುಚ್ಚಿದರೆ ಎರಡು ದಿನ ಎಳೆ ಹಿಡಿದಾಗಲೆಲ್ಲ ಚುರುಕ್ ಎನ್ನುತ್ತದೆ. ರಕ್ತದ ಒಂದು ಚುಕ್ಕೆ ತಿಳಿಬಣ್ಣದ ಸೀರೆಗೆ ತಾಗಿತೋ, ಸಾಹುಕಾರರು ಆ ಸೀರೆಯನ್ನು ತಿರುಗಿಸಿ ಕಳಿಸುತ್ತಾರೆ. ನರ್ಸ್ ತೋರಿಸಿಕೊಟ್ಟ ಹಾಗೆ ಈಗ ಎಡಗೈಯ ಉಂಗುರ ಬೆರಳಿನ ಪಕ್ಕದಲ್ಲಿ ಚುಚ್ಚುತ್ತೇವೆ. ಅಲ್ಲಿ ನೋವೂ ಕಡಿಮೆ, ಕೆಲಸಕ್ಕೂ ಅಡ್ಡಿಯಿಲ್ಲ. ಚುಚ್ಚುವ ಮೊದಲು ಕೈ ತೊಳೆದು ಒರೆಸಬೇಕು. ಬೆಲ್ಲ ಮುಟ್ಟಿದ ಬೆರಳಿನಿಂದ ರಕ್ತ ತೆಗೆದರೆ ಮೈಯಲ್ಲಿಲ್ಲದ ಸಕ್ಕರೆಯನ್ನು ಯಂತ್ರ ತೋರಿಸುತ್ತದೆ.

ಊಟದ ಬಗ್ಗೆ ಮಾತು ಶುರುವಾದರೆ ಪಡಸಾಲೆಯಲ್ಲಿ ಮುಗಿಯುವುದೇ ಇಲ್ಲ. ರೇಷನ್‌ನಲ್ಲಿ ನಮ್ಮ ಮನೆಗಳಿಗೆ ಹೆಚ್ಚಾಗಿ ಬರುವುದು ಅಕ್ಕಿ. ಜೋಳವನ್ನು ಸಂತೆಯಲ್ಲಿ ಕೊಳ್ಳಬೇಕು. ಮನೆಯಲ್ಲಿ ಚೀಲ ತುಂಬ ಅಕ್ಕಿ ಇರುವಾಗ ಅನ್ನ ಕಡಿಮೆ ಮಾಡಿ ಎಂದರೆ ಬಡವರ ಮನೆಯಲ್ಲಿ ಅದು ಸುಲಭದ ಮಾತಲ್ಲ. ‘ನೀವು ನಿಜವಾಗಿ ಉಣ್ಣುವ ತಟ್ಟೆಯನ್ನೇ ತನ್ನಿ’ ಎಂದು ನರ್ಸ್ ಒಮ್ಮೆ ಹೇಳಿದರು. ತಂದೆವು. ಎಲ್ಲರ ತಟ್ಟೆಯಲ್ಲೂ ಅನ್ನದ ಗುಡ್ಡ, ಅದರ ಮೇಲೆ ತೆಳ್ಳನೆಯ ಸಾರು, ಒಂದು ಮೂಲೆಯಲ್ಲಿ ಉಪ್ಪಿನಕಾಯಿ. ಅವರು ಯಾರನ್ನೂ ಗದರಲಿಲ್ಲ. ತಟ್ಟೆಯಲ್ಲಿ ಅರ್ಧ ಭಾಗ ಸೊಪ್ಪು ತರಕಾರಿ, ಕಾಲು ಭಾಗ ಕಾಳು ಬೇಳೆ, ಉಳಿದ ಕಾಲು ಭಾಗ ಅನ್ನವೋ ರೊಟ್ಟಿಯೋ ಎಂದು ಬೆರಳಿನಿಂದ ಗೆರೆ ಎಳೆದು ತೋರಿಸಿದರು.

ಅರ್ಧ ತಟ್ಟೆ ತರಕಾರಿ ಎಂದಾಗ ಎಲ್ಲರೂ ಬೆಲೆಯ ಲೆಕ್ಕ ಹಾಕಿದೆವು. ಆಗ ಹಿರಿಯ ಅಮ್ಮ ನೆನಪಿಸಿದರು: ನಮ್ಮ ಕಡೆ ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಹಕ್ಕರಕಿ ಇದೆ, ಮೆಂತ್ಯೆ ಸೊಪ್ಪು ಇದೆ, ಎಲೆಸಮೇತ ಮೂಲಂಗಿ ಇದೆ, ಸೌತೆಕಾಯಿ, ಉಳ್ಳಾಗಡ್ಡಿ ಇವೆ. ಪುಂಡಿಪಲ್ಯಕ್ಕೆ ಎಷ್ಟು ಖರ್ಚು? ಮಡಿಕೆ ಕಾಳು ನೆನೆಸಿ ಮೊಳಕೆ ಬರಿಸಿದರೆ ಒಂದು ಹಿಡಿ ಕಾಳು ಮನೆಮಂದಿಗೆಲ್ಲ ಸಾಕು. ಇವೆಲ್ಲ ನಮ್ಮ ಅವ್ವಂದಿರು ಉಣ್ಣುತ್ತಿದ್ದ ಊಟವೇ. ಸಮಯವಿಲ್ಲವೆಂದು ನಾವು ಬಿಟ್ಟಿದ್ದೆವು. ಅನ್ನ ಸಾರು ಇಪ್ಪತ್ತು ನಿಮಿಷದಲ್ಲಿ ಆಗುತ್ತದೆ, ರೊಟ್ಟಿ ಬಡಿಯಲು ಕುಳಿತರೆ ಅಷ್ಟು ಹೊತ್ತು ಮಗ್ಗ ನಿಲ್ಲುತ್ತದೆ.

ರೊಟ್ಟಿಯ ಬಗ್ಗೆಯೂ ಒಂದು ನಂಬಿಕೆ ಗಟ್ಟಿಯಾಗಿ ಕುಳಿತಿದೆ. ಜೋಳದ ರೊಟ್ಟಿ ಎಷ್ಟು ತಿಂದರೂ ಶುಗರ್ ಏರುವುದಿಲ್ಲ ಎಂದು ಗದಗಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಜೋಳದಲ್ಲಿ ನಾರು ಇದೆ, ಅನ್ನಕ್ಕಿಂತ ಹೊಟ್ಟೆ ತುಂಬಿಸುತ್ತದೆ, ಅದು ನಿಜ. ಆದರೆ ಅದರಲ್ಲಿಯೂ ಪಿಷ್ಟವೇ ಹೆಚ್ಚು. ಬಾಯಿಮಾತಿನಿಂದ ಯಾರೂ ಒಪ್ಪಲಿಲ್ಲ. ಹಾಗಾದರೆ ಯಂತ್ರವನ್ನೇ ಕೇಳೋಣ ಎಂದು ಒಬ್ಬರು ಹಠ ಹಿಡಿದರು. ಒಂದು ದಿನ ಹೊಟ್ಟೆ ತುಂಬ ರೊಟ್ಟಿಗೆ ಬರೀ ಶೇಂಗಾ ಚಟ್ನಿ ಹಚ್ಚಿಕೊಂಡು ಉಂಡು ಎರಡು ಗಂಟೆಯ ನಂತರ ನೋಡಿಕೊಂಡರು. ಇನ್ನೊಂದು ದಿನ ಒಂದೂವರೆ ರೊಟ್ಟಿ, ಮಡಿಕೆ ಕಾಳಿನ ಪಲ್ಯ, ಮೆಂತ್ಯೆ ಸೊಪ್ಪು. ಎರಡು ಅಂಕಿಗಳ ನಡುವಿನ ಅಂತರ ಪುಸ್ತಕದಲ್ಲಿ ಅಕ್ಕಪಕ್ಕ ಕಂಡಿದ್ದೇ ತಡ, ಇಡೀ ಪಡಸಾಲೆ ಒಪ್ಪಿತು. ನಮ್ಮ ಜೋಳವನ್ನು ನಾವು ಬಿಡಬೇಕಾಗಿಲ್ಲ, ಎಣಿಸಿ ತಿಂದರೆ ಸಾಕು ಎಂದು ಎಲ್ಲರಿಗೂ ಮನವರಿಕೆಯಾಯಿತು.

ಚಹಾದ ಕಥೆಯೂ ಇಷ್ಟೇ. ಮಗ್ಗದ ಮನೆಗಳಲ್ಲಿ ಹೊತ್ತುಹೊತ್ತಿಗೆ ಚಹಾ ಬೇಕು, ಲೋಟಕ್ಕೆ ಎರಡು ಚಮಚ ಸಕ್ಕರೆ. ದಿನದ ಲೆಕ್ಕ ಹಾಕಿದರೆ ಹಬ್ಬದ ಹೋಳಿಗೆಗಿಂತ ಹೆಚ್ಚು ಸಕ್ಕರೆ ನಮ್ಮ ಮೈಗೆ ಸೇರುತ್ತಿದ್ದುದು ಚಹಾದಿಂದ. ಸಕ್ಕರೆ ಬಿಟ್ಟು ಬೆಲ್ಲ ಹಾಕಿಕೊಂಡರೆ ಏನೂ ಆಗುವುದಿಲ್ಲ ಎಂದು ಕೆಲವರು ಸಮಾಧಾನ ಮಾಡಿಕೊಂಡಿದ್ದರು. ಬೆಲ್ಲವೂ ರಕ್ತದಲ್ಲಿ ಸಕ್ಕರೆಯನ್ನೇ ಏರಿಸುತ್ತದೆ. ಹಬ್ಬಗಳಿಗೆ ಮಾತ್ರ ನಾವು ಕಟ್ಟುನಿಟ್ಟು ಮಾಡಿಲ್ಲ. ನಾಗರ ಪಂಚಮಿಗೆ ತವರಿಗೆ ಹೋದವಳು ಶೇಂಗಾ ಉಂಡೆ, ಎಳ್ಳುಂಡೆ ಮುಟ್ಟದೆ ಬರಬೇಕೆಂದರೆ ಅದು ಆಗದ ಮಾತು, ಆಗಬೇಕಾದ್ದೂ ಅಲ್ಲ. ಒಂದು ಉಂಡೆ, ಅದೂ ಊಟದ ಜೊತೆ, ಅವತ್ತು ಅನ್ನ ಇಲ್ಲ. ಈ ಒಪ್ಪಂದವನ್ನು ಎಲ್ಲರೂ ಉಳಿಸಿಕೊಂಡಿದ್ದೇವೆ. ಏನನ್ನೂ ತಿನ್ನಬೇಡ ಎಂದವರ ಮಾತನ್ನು ಜನ ಒಂದು ವಾರ ಕೇಳುತ್ತಾರೆ, ಆಮೇಲೆ ಕ್ಲಿನಿಕ್‌ನ ದಾರಿಯನ್ನೇ ಮರೆಯುತ್ತಾರೆ.

ಈಗ ನನ್ನ ಕಾಲಿನ ವಿಷಯ. ಒಂದು ಅಮಾವಾಸ್ಯೆಯಂದು ನರ್ಸ್ ಎಲ್ಲರ ಪಾದ ಪರೀಕ್ಷೆಗೆಂದು ಒಂದು ಹಿಡಿಕೆಗೆ ಅಂಟಿಸಿದ ನೈಲಾನ್ ಎಳೆ ತಂದಿದ್ದರು. ಹತ್ತು ಗ್ರಾಂ ಭಾರಕ್ಕೆ ಬಾಗುವಂತೆ ಮಾಡಿದ ಎಳೆಯಂತೆ ಅದು. ಕಣ್ಣು ಮುಚ್ಚಿಕೊಳ್ಳಿ, ತಾಗಿದಾಗ ‘ಹೂಂ’ ಎನ್ನಿ ಎಂದರು. ಎಳೆ ನನಗೆ ಹೊಸದೇನಲ್ಲ. ಕತ್ತಲಲ್ಲಿ ಬೆರಳ ನಡುವೆ ಹಿಡಿದು ಇದು ಹತ್ತಿಯೋ ರೇಷ್ಮೆಯೋ, ಒಂಟಿಯೋ ಜೋಡಿಯೋ ಎಂದು ಹೇಳಬಲ್ಲೆ. ಹಿಮ್ಮಡಿಯ ಹತ್ತಿರ ಹೂಂ ಎಂದೆ, ಪಾದದ ನಡುವೆ ಹೂಂ ಎಂದೆ. ಆಮೇಲೆ ಬಹಳ ಹೊತ್ತು ಏನೂ ಆಗಲಿಲ್ಲ. ಮುಂದೆ ಮಾಡಿ ಎನ್ನಲು ಕಣ್ಣು ತೆರೆದರೆ, ಎಳೆ ನನ್ನ ಹೆಬ್ಬೆರಳಿನ ಬುಡದಲ್ಲಿ ಒತ್ತಿ ಬಿಲ್ಲಿನ ಹಾಗೆ ಬಾಗಿ ನಿಂತಿತ್ತು. ತುಳಿಹಲಗೆಯನ್ನು ನಾನು ಒತ್ತುವುದು ಅದೇ ಜಾಗದಿಂದ. ನನ್ನ ಕಾಲು ನನಗೆ ಸುದ್ದಿ ಕೊಡುವುದನ್ನು ಬಿಟ್ಟಿದೆ ಎಂದು ಅವತ್ತು ಗೊತ್ತಾಯಿತು. ಪಕ್ಕದಲ್ಲಿ ಕುಳಿತಿದ್ದ ನೆರೆಮನೆಯಾಕೆ ಏನೂ ಮಾತಾಡದೆ ನನ್ನ ಕೈ ಹಿಡಿದುಕೊಂಡಳು. ಮನೆಗೆ ಬಂದು ಅತ್ತುಬಿಟ್ಟೆ.

ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ನರಗಳು ಮಂದವಾಗುತ್ತವೆ, ಮೊದಲು ಪಾದದಿಂದ ಶುರು. ಕುಣಿಯೊಳಗೆ ಬೆಳಕು ಕಡಿಮೆ, ನೆಲ ತಂಪು. ಅಲ್ಲಿ ಬಿದ್ದ ಮುರಿದ ಸೂಜಿಯೋ ಕಟ್ಟಿಗೆಯ ಸಿಬಿರೋ ಚುಚ್ಚಿದರೂ ತಿಳಿಯದಿದ್ದರೆ ಗಾಯ ಕೀವಾಗುವವರೆಗೂ ಮಗ್ಗ ನಡೆಯುತ್ತಲೇ ಇರುತ್ತದೆ. ಕಾಲಿನ ಬೆರಳು ಕತ್ತರಿಸಿಕೊಂಡವರು ನಮ್ಮ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಬಹುತೇಕರ ಕಥೆ ಇಂಥ ಒಂದು ಚಿಕ್ಕ ಗಾಯದಿಂದಲೇ ಶುರುವಾದದ್ದು. ಆದ್ದರಿಂದ ನಮ್ಮ ಓಣಿಯಲ್ಲಿ ಈಗ ಕುಣಿಯನ್ನು ಬೆಳಿಗ್ಗೆ ಗುಡಿಸಿ, ಬ್ಯಾಟರಿ ಹಾಕಿ ನೋಡಿ, ಆಮೇಲೆಯೇ ಕಾಲು ಇಳಿಬಿಡುತ್ತೇವೆ. ರಾತ್ರಿ ಪಾದ ತೊಳೆದು, ಬೆರಳಸಂದಿಯನ್ನು ಒಣಗಿಸಿ, ಪಾದದ ಕೆಳಗೆ ಕನ್ನಡಿ ಹಿಡಿದು ನೋಡುತ್ತೇವೆ. ಕೊಬ್ಬರಿ ಎಣ್ಣೆ ಪಾದಕ್ಕೆ ಹಚ್ಚಬಹುದು, ಬೆರಳಸಂದಿಗೆ ಬೇಡ. ಕಾಲು ನೋವೆಂದು ಬಿಸಿನೀರಿನಲ್ಲಿ ಅದ್ದುವುದನ್ನು ನಿಲ್ಲಿಸಿದ್ದೇವೆ, ಸುಟ್ಟರೂ ಗೊತ್ತಾಗದ ಕಾಲಿಗೆ ಅದು ಅಪಾಯ. ಹೊರಗೆ ಹೋಗುವಾಗ ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಅಟ್ಟೆಯ ಚಪ್ಪಲಿ. ಗುಡಿಗೆ ಹೋದಾಗ ಬರಿಗಾಲಲ್ಲಿ ನಡೆಯಬೇಕಾಗುತ್ತದಲ್ಲ ಎಂದು ಒಬ್ಬರು ಕೇಳಿದರು. ಕಾಲುಚೀಲ ಹಾಕಿಕೊಳ್ಳಿ, ಬಿಸಿಲಿನಲ್ಲಿ ಕಾದ ಕಲ್ಲಿನ ಮೇಲೆ ಮಾತ್ರ ನಡೆಯಬೇಡಿ ಎಂದರು ವೈದ್ಯರು.

ನಡಿಗೆಯ ಬಗ್ಗೆಯೂ ನಾನು ವಾದ ಮಾಡಿದ್ದೆ. ದಿನವಿಡೀ ತುಳಿಯುವ ಕಾಲಿಗೆ ಮತ್ತೆ ನಡಿಗೆ ಯಾಕೆ? ಕುಳಿತು ತುಳಿಯುವಾಗ ಎದೆಬಡಿತ ಏರುವುದಿಲ್ಲ, ಬಿರುಸಾಗಿ ನಡೆದರೆ ಏರುತ್ತದೆ, ಆಗ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ ಎಂದು ವಿವರಿಸಿದರು. ವಾರಕ್ಕೆ ನೂರೈವತ್ತು ನಿಮಿಷ ಸಾಕಂತೆ. ಒಬ್ಬಳೇ ಹೆಂಗಸು ಬೆಳಿಗ್ಗೆ ಬಿರಬಿರನೆ ನಡೆದರೆ ಓಣಿಯಲ್ಲಿ ಹತ್ತು ಪ್ರಶ್ನೆ ಹುಟ್ಟುತ್ತವೆ. ಹತ್ತು ಹೆಂಗಸರು ಕೂಡಿ ರೈಲು ನಿಲ್ದಾಣದ ಕಡೆಗೆ ಹೊರಟರೆ ಯಾರೂ ಕೇಳುವುದಿಲ್ಲ.

ಮಾತ್ರೆಯ ಇನ್ನೊಂದು ಮುಖವನ್ನು ನಾವು ಕಂಡದ್ದು ಶ್ರಾವಣ ಸೋಮವಾರ. ನೆರೆಮನೆಯಾಕೆ ಉಪವಾಸವಿದ್ದಳು. ಸಕ್ಕರೆ ಇಳಿಸುವ ಬೆಳಗಿನ ಗ್ಲಿಮೆಪಿರೈಡ್ ಮಾತ್ರೆಯನ್ನು ಮಾತ್ರ ಎಂದಿನಂತೆ ನುಂಗಿ ಮಗ್ಗಕ್ಕೆ ಕುಳಿತಿದ್ದಾಳೆ. ನಮ್ಮ ಎರಡು ಮನೆಗಳ ನಡುವೆ ಇರುವುದು ಒಂದೇ ಗೋಡೆ. ಅವಳ ಲಾಳಿಯ ಸದ್ದು ಎಡವಿ ಎಡವಿ ಕೊನೆಗೆ ನಿಂತೇಹೋಯಿತು. ಹೋಗಿ ನೋಡಿದರೆ ಮೈಯೆಲ್ಲ ಬೆವರು, ಕೈ ಥರಥರ ನಡುಗುತ್ತಿದೆ, ಏನಾಯಿತೆಂದು ಕೇಳಿದರೆ ಸಂಬಂಧವಿಲ್ಲದ ಮಾತು. ಪಡಸಾಲೆಯಲ್ಲಿ ಕೇಳಿದ್ದು ನೆನಪಿತ್ತು: ರಕ್ತದಲ್ಲಿ ಸಕ್ಕರೆ ತೀರಾ ಇಳಿದಾಗ ಹೀಗಾಗುತ್ತದೆ, ಎಚ್ಚರ ಇದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಬೇಕು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. ಅವಳಿಗೆ ಎಚ್ಚರವಿತ್ತು. ಮಗ ಓಡಿಹೋಗಿ ಯಂತ್ರ ತಂದ. ಎಪ್ಪತ್ತಕ್ಕಿಂತ ಕೆಳಗೆ ಇಳಿದರೆ ಅಪಾಯ, ಅವಳದು ಐವತ್ತರ ಆಸುಪಾಸಿನಲ್ಲಿತ್ತು. ಸಕ್ಕರೆ ನೀರು ಕುಡಿದ ಮೇಲೆ ಮೆಲ್ಲಗೆ ಏರಿತು, ಅನಂತರ ಒಂದಿಷ್ಟು ಮೊಸರನ್ನ ಉಣ್ಣಿಸಿದೆವು. ಉಪವಾಸ ಮುರಿಯಿತಲ್ಲ ಎಂದು ಅವಳು ಕಣ್ಣೀರು ಹಾಕಿದಾಗ, ಶಿವ ನಿನ್ನ ಜೀವ ಕೇಳಿರಲಿಲ್ಲ ಎಂದು ಹಿರಿಯ ಅಮ್ಮ ಸಮಾಧಾನ ಮಾಡಿದರು.

ಆ ಘಟನೆಯ ನಂತರ ವೈದ್ಯರು ಪಡಸಾಲೆಗೇ ಬಂದು ಉಪವಾಸದ ಬಗ್ಗೆ ಮಾತನಾಡಿದರು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಸಕ್ಕರೆ ಹೀಗೆ ಕುಸಿಯುವುದು ಅಪರೂಪ. ಗ್ಲಿಮೆಪಿರೈಡ್, ಇನ್ಸುಲಿನ್ ಇದ್ದವರು ಮಾತ್ರ ವ್ರತಕ್ಕೆ ಮುಂಚೆ ಕೇಳಿ ಪ್ರಮಾಣ ಬದಲಿಸಿಕೊಳ್ಳಲೇಬೇಕು, ತಾವೇ ತೀರ್ಮಾನ ಮಾಡಬಾರದು. ಪಕ್ಕದ ಓಣಿಯ ಮುಸ್ಲಿಂ ಅಕ್ಕತಂಗಿಯರೂ ಅವತ್ತು ಬಂದಿದ್ದರು. ರಂಜಾನ್ ಶುರುವಾಗುವುದಕ್ಕೆ ಒಂದೆರಡು ತಿಂಗಳು ಮೊದಲೇ ಬಂದು ಮಾತನಾಡಿ ಎಂದು ಅವರಿಗೆ ಹೇಳಿದರು. ಈಗ ಮಗ್ಗದ ಪಕ್ಕದ ಗೂಡಿನಲ್ಲಿ ಸಕ್ಕರೆಯ ಪೊಟ್ಟಣ ಇಟ್ಟುಕೊಳ್ಳುವುದು ನಮ್ಮಲ್ಲಿ ವಾಡಿಕೆಯಾಗಿದೆ.

ಓಣಿಯ ಕೊನೆಯ ಮನೆಯ ಅಜ್ಜನಿಗೆ ಇನ್ಸುಲಿನ್ ಶುರುವಾದಾಗ ಇನ್ನೊಂದು ಪೇಚು. ಬಳಸದ ಇನ್ಸುಲಿನ್ ಎರಡರಿಂದ ಎಂಟು ಡಿಗ್ರಿ ತಂಪಿನಲ್ಲಿರಬೇಕು. ಅವರ ಮನೆಯಲ್ಲಿ ಫ್ರಿಜ್ ಇಲ್ಲ, ಬೇಸಿಗೆಯಲ್ಲಿ ಗದಗಿನ ಬಿಸಿಲು ನಲವತ್ತರ ಹತ್ತಿರ ಹೋಗುತ್ತದೆ. ಮುಂದಿನ ಬಾಟಲಿಯನ್ನು ಫ್ರಿಜ್ ಇರುವ ಒಂದು ಮನೆಯಲ್ಲಿ ಇಡಿಸಿದೆವು, ಬಾಗಿಲಿನ ಕಡೆ, ಬರ್ಫದ ಖಾನೆಗೆ ತಾಗದಂತೆ. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬರುವುದಿಲ್ಲ. ಬಳಕೆಯಲ್ಲಿರುವ ಬಾಟಲಿಗೆ ಕುಂಬಾರರ ಎರಡು ಮಡಕೆ: ದೊಡ್ಡದರೊಳಗೆ ಚಿಕ್ಕದು, ನಡುವೆ ಒದ್ದೆ ಮರಳು, ಮೇಲೆ ಹಸಿ ಬಟ್ಟೆ. ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗಿನ ಮಡಕೆಯಲ್ಲಿ ಇಡುತ್ತಾರೆ. ಸರ್ಕಾರಿ ಆಸ್ಪತ್ರೆಯಿಂದ ಕೊಡುವ ಬಾಟಲಿಯಲ್ಲಿ ಒಂದು ಮಿಲಿಲೀಟರಿಗೆ ನಲವತ್ತು ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಕಿತ್ತಳೆ ಮುಚ್ಚಳದ್ದು ನೂರು ಯೂನಿಟ್ಟಿನ ಬಾಟಲಿಗೆ. ಅದಲು ಬದಲಾದರೆ ಪ್ರಮಾಣ ಏರುಪೇರಾಗುತ್ತದೆ. ಅಜ್ಜನ ಕಣ್ಣು ಮಂದ, ಆದ್ದರಿಂದ ಬಣ್ಣ ನೋಡಿ ಕೊಡುವ ಕೆಲಸ ಶಾಲೆಗೆ ಹೋಗುವ ಮೊಮ್ಮಗಳದು. ಅವಳು ಒಂದು ದಿನವೂ ತಪ್ಪಿಸುವುದಿಲ್ಲ.

ಕಾಯಿಲೆಯನ್ನು ಬೇರುಸಮೇತ ಕೀಳುತ್ತೇವೆ ಎಂದು ಪುಡಿ ಮಾರುವವರು ನಮ್ಮ ಓಣಿಗೂ ಬರುತ್ತಾರೆ. ಮಾತ್ರೆ ಬಿಟ್ಟರೆ ಮಾತ್ರ ಪುಡಿ ಕೆಲಸ ಮಾಡುತ್ತದೆ ಎನ್ನುತ್ತಾರೆ. ನನ್ನ ಕೋಪ ಇರುವುದು ಆ ಮಾತಿನ ಮೇಲೆ. ಹಾಗಲಕಾಯಿ, ಮೆಂತ್ಯೆ ಊಟದಲ್ಲಿ ಇರಲಿ, ಅವು ಮಾತ್ರೆಯ ಜಾಗಕ್ಕೆ ಬರಲಾರವು. ಈಗ ಅಂಥವರು ಬಂದರೆ ನಮ್ಮ ಪುಸ್ತಕಗಳನ್ನು ತೆಗೆದು ಮುಂದಿಡುತ್ತೇವೆ, ನಿಮ್ಮ ಪುಡಿ ತಿಂದವರ ಪುಸ್ತಕ ತೋರಿಸಿ ಎನ್ನುತ್ತೇವೆ.

ಮೂರು ತಿಂಗಳಿಗೊಮ್ಮೆ ಮಾಡುವ ಎಚ್‌ಬಿಎ1ಸಿ ಪರೀಕ್ಷೆಗೆ, ವರ್ಷಕ್ಕೊಮ್ಮೆ ಕಣ್ಣು, ಮೂತ್ರಪಿಂಡ ತೋರಿಸಲು ಮಲ್ಲಸಮುದ್ರದ ಜಿಮ್ಸ್ ಆಸ್ಪತ್ರೆಗೆ ಹೋಗುತ್ತೇವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ ಖರ್ಚಿಲ್ಲ, ಇಡೀ ಗುಂಪು ಒಟ್ಟಿಗೆ ಹತ್ತಿಬಿಡುತ್ತದೆ. ಕೆಂಪು ರಕ್ತಕಣ ನೂರಿಪ್ಪತ್ತು ದಿನ ಬದುಕುತ್ತದೆ, ಅದಕ್ಕೆ ಅಂಟಿಕೊಂಡ ಸಕ್ಕರೆಯನ್ನು ಅಳೆದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. ಹಾಗಾಗಿ ಪರೀಕ್ಷೆಯ ಹಿಂದಿನ ದಿನ ಮಾತ್ರ ಪಥ್ಯ ಮಾಡಿ ಪಾರಾಗಲು ಆಗುವುದಿಲ್ಲ. ನನ್ನದು ಮೊದಲ ಸಲ ಒಂಬತ್ತರ ಮೇಲಿತ್ತು, ಈಗ ಏಳರ ಹತ್ತಿರಕ್ಕೆ ಬಂದಿದೆ. ಕಾಲಿನ ಸ್ಪರ್ಶ ಪೂರ್ತಿ ಮರಳುವ ಭರವಸೆಯನ್ನು ವೈದ್ಯರು ಕೊಟ್ಟಿಲ್ಲ, ಇನ್ನಷ್ಟು ಕೆಡದಂತೆ ಕಾಯ್ದುಕೊಳ್ಳಬಹುದು ಎಂದಿದ್ದಾರೆ. ಕಣ್ಣಿನ ಪರೀಕ್ಷೆಗೆ ಹನಿ ಹಾಕಿದರೆ ಕೆಲವು ಗಂಟೆ ಎಳೆ ಕಾಣುವುದಿಲ್ಲ, ಅದನ್ನೂ ಅಮಾವಾಸ್ಯೆಗೇ ಇಟ್ಟುಕೊಳ್ಳುತ್ತೇವೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ, ಅದರ ಹೊಸ್ತಿಲಲ್ಲಿ ಇನ್ನೂ ಹದಿಮೂರು ಕೋಟಿಗೂ ಹೆಚ್ಚು ಜನ ನಿಂತಿದ್ದಾರೆ ಎಂದು ಗೊತ್ತಾಯಿತು. ಅಷ್ಟು ಜನರನ್ನು ದೊಡ್ಡ ಆಸ್ಪತ್ರೆಗಳು ಕಾಯಲಾರವು. ಯೋಜನೆ ಮಾಡುವವರಲ್ಲಿ ನನ್ನ ಬೇಡಿಕೆ ಇಷ್ಟೇ: ತಪಾಸಣೆಯ ದಿನ ಗೊತ್ತುಮಾಡುವ ಮೊದಲು ಆ ಓಣಿಯ ದುಡಿಮೆ ಯಾವಾಗ ನಿಲ್ಲುತ್ತದೆ ಎಂದು ಕೇಳಿ. ಹಮಾಲರಿಗೆ ಎಪಿಎಂಸಿಯ ರಜೆ, ಕೂಲಿಯವರಿಗೆ ಸಂತೆಯ ದಿನ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ದಿನ ಇರುತ್ತದೆ. ಆಶಾ ಕಾರ್ಯಕರ್ತೆಗೆ ಅದು ಬಾಯಿಪಾಠ, ಅವಳನ್ನು ಕೇಳಿದರೆ ಸಾಕು.

ನಮ್ಮ ಗುಂಪಿಗೆ ಗಂಡಸರು ಇನ್ನೂ ಸರಿಯಾಗಿ ಬರುತ್ತಿಲ್ಲ. ಹೆಂಗಸರ ಮುಂದೆ ತಂಬಾಕಿನ ಮಾತು ಬರುತ್ತದೆಂಬ ಸಂಕೋಚ ಕೆಲವರಿಗೆ. ಹಿಂಬದಿಯ ಪವರ್‌ಲೂಮ್ ಓಣಿಯವರಿಗೆ ತೊಂದರೆಯೇ ಬೇರೆ, ಅವರಲ್ಲಿ ಹಲವರಿಗೆ ರಾತ್ರಿ ಪಾಳಿ, ಅಮಾವಾಸ್ಯೆಗೂ ಅಲ್ಲಿ ಯಂತ್ರ ನಿಲ್ಲುವುದಿಲ್ಲ. ಪಾಳಿ ಬದಲಾಗುವ ಭಾನುವಾರ ಸಂಜೆ ಒಂದು ಗಂಟೆ ಕೊಡಿ ಎಂದು ಅವರ ಪರವಾಗಿ ಅರ್ಜಿ ಬರೆದು, ಆಶಾ ಕಾರ್ಯಕರ್ತೆಯ ಜೊತೆ ಹೋಗಿ ಕ್ಲಿನಿಕ್‌ನಲ್ಲಿ ಕೊಟ್ಟಿದ್ದೇವೆ. ಪುಸ್ತಕಗಳಿಗೆ ಬೇಕಾದ ಹಣವನ್ನು ಸಂಘ ಕೊಡುತ್ತದೆ. ಚುಚ್ಚಿ ನೋಡುವುದನ್ನು, ಬರೆಯುವುದನ್ನು ಕಲಿಸಲು ನಾನು, ನೆರೆಮನೆಯಾಕೆ ಇಬ್ಬರೂ ಒಪ್ಪಿದ್ದೇವೆ.